ಸಂಕಲ್ಪದ ದೇಶಕಾಲ

ಪೂಜೆಗೆ ಕುಳಿತವನು ಒಂದು ಹೂವನ್ನೇರಿಸುವುದಕ್ಕೂ ಮುನ್ನ ತಾನು ಎಲ್ಲಿ, ಯಾವಾಗ ಕುಳಿತಿರುವೆನೆಂಬುದನ್ನು ಹೇಳಿಕೊಳ್ಳತಕ್ಕದ್ದೆಂದು ನಮ್ಮ ಹಿರಿಯರು ವಿಧಿಸಿದರು. ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರಗಳಿಂದ ಹೊರಟು ಕಲಿಯುಗದ ಪ್ರಥಮ ಪಾದಕ್ಕಿಳಿದು, ಜಂಬೂದ್ವೀಪದಿಂದ ಗೋದಾವರಿಯ ದಕ್ಷಿಣತೀರಕ್ಕೆ ಸರಿದು, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳನ್ನು ಒಂದೊಂದಾಗಿ ಮುಟ್ಟಿ ಸಾಗುವ ಆ ಸಂಕಲ್ಪವಾಕ್ಯವು ಯಾರಿಗಾಗಿ? ಸರ್ವಜ್ಞನಾದ ಭಗವಂತನಿಗೆ ಇಂದಿನ ತಿಥಿಯನ್ನು ನಾವು ತಿಳಿಸಬೇಕೆ?

ಬೆಂಗಳೂರಿನ ವಿಜಯನಗರದ ಆರ್‌ಪಿಸಿ ಲೇಔಟಿನ ನಮ್ಮ ಮನೆಯಲ್ಲಿರುವ ಹಳೆಯ ಕಂಪ್ಯೂಟರೊಂದು ಈ ಪ್ರಶ್ನೆಗೆ ಬೆಳಕು ತೋರಿತು. ಗೋಡೆಯ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿದಾಗಲೆಲ್ಲ ಅದು ಎಷ್ಟೋ ವರ್ಷಗಳ ಹಿಂದಿನ ಜನವರಿಯ ಮೊದಲ ದಿನವನ್ನು ತೋರುತ್ತಿತ್ತು. ಆ ತಾರೀಖನ್ನು ನಂಬಿ ಬ್ಯಾಂಕಿನ ಪುಟವನ್ನು ತೆರೆಯಹೋದರೆ, ಆ ಪುಟದ ಪ್ರಮಾಣಪತ್ರದ ಅವಧಿಯೇ ಇನ್ನೂ ಆರಂಭವಾಗಿಲ್ಲವೆಂದು ತಡೆಯುತ್ತಿತ್ತು. ರಿಪೇರಿಗೆ ಬಂದ ಹುಡುಗ ಒಳಗೆ ನೋಡಿ "ಸೆಲ್ ಹೋಗಿದೆ ಸಾರ್" ಎಂದು, ಮದರ್‌ಬೋರ್ಡಿನಿಂದ ನಾಣ್ಯದಾಕಾರದ 3 ವೋಲ್ಟಿನ ಸೆಲ್ಲನ್ನು ಉಗುರಿನಿಂದ ಮೀಟಿ ತೆಗೆದು ಹೊಸತನ್ನು ಕೂರಿಸಿದನು. ವಿದ್ಯುತ್ತಿಲ್ಲದ ವೇಳೆಯಲ್ಲಿಯೂ ಸೆಕೆಂಡಿಗೆ 32,768 ಬಾರಿ ಸ್ಪಂದಿಸುವ ಸ್ಫಟಿಕವೊಂದನ್ನು ಆ ಸಣ್ಣ ಸೆಲ್ಲೇ ಜೀವಂತವಾಗಿಟ್ಟಿರುತ್ತದೆ. ಬಳಿಕ ಇಂಟರ್ನೆಟ್ಟಿನೊಡನೆ ಹೊಂದಿಸಲು ದಿನಾಂಕವೇನೋ ಸರಿಹೋಯಿತು. ಗಂಟೆ ಮಾತ್ರ ಐದೂವರೆಯಷ್ಟು ಹಿಂದೆಯೇ ಉಳಿಯಿತು. ಯಂತ್ರವು ತಾನು ಗ್ರೀನಿಚ್ಚಿನಲ್ಲಿರುವೆನೆಂದೇ ಭಾವಿಸಿದ್ದಿತು! ಹುಡುಗ ಟೈಮ್ ಝೋನನ್ನು ಭಾರತಕ್ಕೆ ಬದಲಿಸಿದ ಮೇಲೆ ಗಡಿಯಾರ ಸರಿಯಾಯಿತು.

ಮೊದಲನೆಯದು ಸ್ಮೃತಿಭ್ರಂಶ, ಎರಡನೆಯದು ದೇಶಭ್ರಮೆ. ಇವೆರಡರ ನಡುವೆಯೂ, ಯಂತ್ರಕ್ಕೆ ವಿದ್ಯುತ್ತಿದ್ದಷ್ಟು ಹೊತ್ತು, ಆ ಗಡಿಯಾರದ ಸೆಕೆಂಡುಗಳು ಲೋಪವಿಲ್ಲದೆ ಎಣಿಕೆಯಾಗುತ್ತಲೇ ಇದ್ದುವೆಂಬುದು ನನ್ನ ಮನಸ್ಸನ್ನು ಬಹಳವಾಗಿ ಕಾಡಿತು. ತಪ್ಪು ವರ್ಷದೊಳಗೆ ಕುಳಿತು ಕ್ಷಣಗಳನ್ನು ಸರಿಯಾಗಿ ಎಣಿಸುವ ಯಂತ್ರಕ್ಕೆ ತನ್ನ ತಪ್ಪು ತನ್ನೊಳಗಿನಿಂದ ಎಂದಿಗೂ ಗೋಚರಿಸಲಾರದು. ತಿದ್ದುವ ಪ್ರಮಾಣವು ಹೊರಗಿನಿಂದಲೇ ಬರಬೇಕು. ದಿನದಿನದ ಕೆಲಸಗಳನ್ನು ಚೊಕ್ಕವಾಗಿ ಮುಗಿಸುತ್ತ, ಬದುಕಿನ ಯಾವ ಘಟ್ಟದಲ್ಲಿ ನಿಂತಿರುವೆನೆಂಬುದನ್ನೇ ಮರೆತ ಮನುಷ್ಯನ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ಹೊರಗಿನ ಆ ಪ್ರಮಾಣವಾದರೂ ಸೂರ್ಯನೇ ಎನ್ನುವಂತಿಲ್ಲ. 1906ರಲ್ಲಿ ಜಾರಿಗೆ ಬಂದ ಭಾರತೀಯ ಕಾಲಮಾನವು ಪೂರ್ವರೇಖಾಂಶ 82.5 ಡಿಗ್ರಿಯನ್ನು ಆಧರಿಸಿದೆ. ಬೆಂಗಳೂರು ಅದಕ್ಕೆ ಸುಮಾರು 5 ಡಿಗ್ರಿ ಪಶ್ಚಿಮದಲ್ಲಿರುವುದರಿಂದ ಆರ್‌ಪಿಸಿ ಲೇಔಟಿನ ನೆತ್ತಿಯ ಮೇಲೆ ಸೂರ್ಯನು ಮಧ್ಯಾಹ್ನವನ್ನು ಮುಟ್ಟುವುದು, ಸರಾಸರಿಯಾಗಿ, ಗಡಿಯಾರದ ಹನ್ನೆರಡಾಗಿ 20 ನಿಮಿಷಗಳು ಕಳೆದ ಮೇಲೆ. ಕಾಲವು ಏಕವೂ ವಿಭುವೂ ಆದ ದ್ರವ್ಯ, ಸೂರ್ಯಗತಿಯೇ ಮೊದಲಾದ ಉಪಾಧಿಗಳಿಂದ ಅದು ವಿಭಕ್ತವಾದಂತೆ ತೋರುತ್ತದೆ ಎಂದು ವೈಶೇಷಿಕರು ಹೇಳಿದರಷ್ಟೆ. ನಮ್ಮ ಗಡಿಯಾರದ ಉಪಾಧಿಯು ಸೂರ್ಯನೊಡನೆ ಸಮಾಜದ ಒಪ್ಪಂದವನ್ನೂ ಕೂಡಿಸಿಕೊಂಡಿದೆ. ಇತರರೊಡನೆ ವ್ಯವಹರಿಸಬೇಕಾದವನು ಮೊದಲು ಅವರೊಡನೆ ಒಂದು ದೇಶಕಾಲದಲ್ಲಿ ನಿಲ್ಲಬೇಕು.

ಆದುದರಿಂದ ಸಂಕಲ್ಪವು ದೇವರಿಗೆ ಕೊಡುವ ಮಾಹಿತಿಯಲ್ಲ, ಕರ್ತೃವು ತನ್ನನ್ನು ತಾನೇ ನೆಲೆಗೊಳಿಸಿಕೊಳ್ಳುವ ಕರ್ಮವೆಂದು ನಾನು ತಿಳಿದಿದ್ದೇನೆ. ಪುರೋಹಿತರು ಹೇಳಿದ್ದಕ್ಕೆ ಅಕ್ಷತೆಯನ್ನು ಹಿಡಿದು ತಲೆಯಾಡಿಸಿದರೆ ಅದು ನೆರವೇರದು. ನಾಳೆ ಪೂಜೆಗೆ ಕೂರುವವರು ಪಂಚಾಂಗವನ್ನು ತಾವೇ ತೆರೆದು, ಅಂದಿನ ತಿಥಿನಕ್ಷತ್ರಗಳನ್ನು ನೋಡಿಕೊಂಡು, ತಮ್ಮ ಊರಿನ ಹೆಸರನ್ನೂ ಸೇರಿಸಿ, ಸಂಕಲ್ಪವನ್ನು ತಮ್ಮ ಬಾಯಿಂದಲೇ ಹೇಳಿಕೊಳ್ಳಬೇಕೆಂದು ಬೇಡುತ್ತೇನೆ.