ಗೋರಿಯೊಳಗಣ ವಿಹಾರಮಂದಿರ

ಒಂದು ವಸ್ತುವನ್ನು ಮನಸಾರೆ ಮೆಚ್ಚಿದವನಿಗೆ ಆ ಮೆಚ್ಚಿಕೆಯಿಂದಲೇ ಅದರ ಮೇಲೆ ಹಕ್ಕು ಹುಟ್ಟುವುದೆ? ಹುಟ್ಟುವುದೆಂದು ಬಾಯಿಬಿಟ್ಟು ಹೇಳುವವರು ವಿರಳ. ನಡೆಯಲ್ಲಿ ಹಾಗೆಂದೇ ಎಣಿಸುವವರು ಅಸಂಖ್ಯರು. ದಿಲ್ಲಿಯ ದಕ್ಷಿಣಕ್ಕಿರುವ ಮೆಹ್ರೌಲಿಯ ಪುರಾತತ್ತ್ವ ಉದ್ಯಾನವು ಈ ಪ್ರಶ್ನೆಯನ್ನು ಕಲ್ಲುಗಾರೆಗಳಲ್ಲಿಯೇ ಮುಂದಿಡುತ್ತದೆ.

ಕುತುಬ್ ಮಿನಾರನ್ನು ಕಂಡವರಲ್ಲಿ ಬಹುಮಂದಿ ಅದರ ಮಗ್ಗುಲ ಈ ಕುರುಚಲು ಕಾಡನ್ನು ಹೊಗದೆ ಹಿಂದಿರುಗುವರು. ಹೊಕ್ಕವರಿಗೆ ಗಿಡಗಂಟಿಗಳ ಮರೆಯಲ್ಲಿ 1287ರಲ್ಲಿ ತೀರಿದ ಸುಲ್ತಾನ ಬಲ್ಬನನ ಗೋರಿ, ಲೋದಿಗಳ ಕಾಲದ ಮೆಟ್ಟಿಲ ಬಾವಿ, ಕವಿ ಜಮಾಲಿಯ ಮಸೀದಿ ಇವೆಲ್ಲ ಕಾಣುತ್ತವೆ. ಎತ್ತರದ ಜಗಲಿಯೊಂದರ ಮೇಲೆ ಎಂಟು ಮೂಲೆಯ ಗುಮ್ಮಟವಿದೆ. ಅದು ಅಕ್ಬರನ ಸಾಕುತಾಯಿ ಮಾಹಮ್ ಅನಗಳ ಮಗನಾದ ಕುಲಿ ಖಾನನ ಸಮಾಧಿ. 1840ರ ದಶಕದಲ್ಲಿ ಮೊಗಲ್ ಆಸ್ಥಾನದಲ್ಲಿದ್ದ ಕಂಪನಿ ಸರಕಾರದ ಪ್ರತಿನಿಧಿ ಸರ್ ಥಾಮಸ್ ಮೆಟ್ಕಾಫನು ಇದನ್ನು ತನ್ನ ವಿಹಾರಮಂದಿರವನ್ನಾಗಿ ಮಾಡಿಕೊಂಡನು. ಗೋರಿಯ ನಡುಮನೆ ಊಟದ ಶಾಲೆಯಾಯಿತು. ಸುತ್ತ ಹೊಸ ಕೋಣೆಗಳು ಎದ್ದವು. ಲೋದಿಗಳ ಕಾಲದ ಕಟ್ಟಡವೊಂದರಲ್ಲಿ ಪಾರಿವಾಳಗಳು ನೆಲೆಸಿದವು. ಬರಿಯ ನೋಟಕ್ಕಾಗಿ ಒಂದು ಛತ್ರಿ, ಮೆಟ್ಟಿಲು ಮೆಟ್ಟಿಲಾದ ಕಲ್ಲಿನ ಗೋಪುರ. ಇಷ್ಟಕ್ಕೂ ಅವನಿಟ್ಟ ಹೆಸರು ದಿಲ್‌ಕುಶಾ, ಎಂದರೆ ಮನೋಲ್ಲಾಸ.

ಅವನನ್ನು ಒರಟನೆಂದು ತಳ್ಳಿಹಾಕಿದರೆ ಪ್ರಶ್ನೆಯು ಸುಲಭವಾಗಿ ಮುಗಿದೀತು. ಆದರೆ ಅವನು ಒರಟನಲ್ಲ. ದಿಲ್ಲಿಯ ಚಿತ್ರಕಾರ ಮಜ್ಹರ್ ಅಲಿ ಖಾನನಿಂದ ಆ ನಗರದ ಸ್ಮಾರಕಗಳನ್ನು ಬರೆಯಿಸಿ, ತನ್ನ ಕೈಯಿಂದಲೇ ವಿವರಣೆ ಬರೆದು, 1844ರ ಆ ಸಂಪುಟವನ್ನು ಹೆಣ್ಣುಮಕ್ಕಳಿಗೆ ಕಳುಹಿಸಿದವನು. ಅದರಲ್ಲಿಯ ಎಷ್ಟೋ ಕಟ್ಟಡಗಳು ಮುಂದೆ 1857ರ ಬಳಿಕ ನಾಶವಾದುದರಿಂದ ಅವನ ಅಕ್ಕರೆಗೆ ನಾವೂ ಋಣಿಗಳು. ಅವನು ವಾಸವಾಗಿರದಿದ್ದರೆ ಗುಮ್ಮಟವೇ ಬಿದ್ದುಹೋಗುತ್ತಿತ್ತೆಂದು ವಾದಿಸುವವರೂ ಇರಬಹುದು. ವಾದವು ದುರ್ಬಲವಲ್ಲ; ಆದರೆ ಸೂರು ಕಾಯಲು ಗೋರಿಯ ಮೇಲೆ ಔತಣದ ಎಲೆ ಹಾಕಬೇಕಾಗಿಲ್ಲ!

ನನಗೆ ತೋರುವಂತೆ ದೋಷವು ಅವನು ಮೆಚ್ಚಿದ್ದರಲ್ಲಿಲ್ಲ, ಕೇಳದೆ ಇದ್ದುದರಲ್ಲಿದೆ. ಸತ್ತವನು ಬೇಡವೆನ್ನಲಾರನು, ಅಧಿಕಾರಿಯ ಎದುರು ಬದುಕಿದ್ದವರೂ ಬೇಡವೆನ್ನಲಾರರು. ಬೇಡವೆನ್ನುವ ಶಕ್ತಿ ಇಲ್ಲದವರ ಮೌನವನ್ನು ಸಮ್ಮತಿಯೆಂದು ತಿಳಿಯುವುದು ಪ್ರೀತಿಗೆ ಬಲು ಸುಲಭವಾಗಿ ಅಂಟುವ ಕುರುಡು.

ಇದೇ ಮೆಹ್ರೌಲಿಯಲ್ಲಿ ಬೇರೊಂದು ಸ್ಥಳವೂ ಇದೆ. ಕಡೆಯ ಬಾದಶಹ ಬಹದ್ದೂರ್ ಶಹನು ತನ್ನ ಬೇಸಗೆಯ ಅರಮನೆ ಜಫರ್ ಮಹಲಿನ ಬಳಿ ತನ್ನ ಗೋರಿಗೆಂದು ನೆಲ ಇರಿಸಿಕೊಂಡಿದ್ದನು. 1862ರಲ್ಲಿ ಅವನು ರಂಗೂನಿನ ಸೆರೆಯಲ್ಲಿ ತೀರಿ ಅಲ್ಲಿಯೇ ಮಣ್ಣಾದನು. ಆ ನೆಲ ಇನ್ನೂ ಬರಿದಾಗಿದೆ.

ದಿಲ್‌ಕುಶಾದ ಹೊಸ ಕೋಣೆಗಳು ಬಹುಮಟ್ಟಿಗೆ ಬಿದ್ದು ಅಡಿಪಾಯ ಉಳಿದಿದೆ. ಅದನ್ನು ಕಿತ್ತು ಸಮಾಧಿಯನ್ನು ಶುದ್ಧಗೊಳಿಸಬಾರದೇಕೆ ಎಂದು ಯಾರಾದರೂ ಕೇಳಬಹುದು. ಕೀಳಬಾರದೆಂದೇ ನನ್ನ ಮತ. ಕಿತ್ತರೆ ಕುಲಿ ಖಾನನಿಗೆ ಆದ ಅವಮಾನದ ಸಾಕ್ಷಿ ಅಳಿದು, ಅವನ ಗುಮ್ಮಟ ಮಾತ್ರ ಚೆಲುವಾಗಿ ನಿಲ್ಲುವುದು.