ಇಂದಿನ ಧಮ್ಮ ಚಿಂತನೆ: ಲಗ್ನ ಯಾವ ದಂಡೆಯಲ್ಲಿ, ಖರ್ಚು ಯಾರ ಗಂಟಿನಲ್ಲಿ?





ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಬಳಗದ ಹಿರಿಯರೊಬ್ಬರು ಒಂದು ಪ್ರಶ್ನೆ ಇಟ್ಟರು. ಮಗಳ ಲಗ್ನ ಗೊತ್ತಾಗಿದೆ. ಹುಡುಗ, ಹುಡುಗಿ ಇಬ್ಬರೂ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾರೆ. ಥೈಲ್ಯಾಂಡಿನಲ್ಲಿ ಸಮುದ್ರದ ದಂಡೆಯ ಮೇಲೆ ಲಗ್ನವಾಗಬೇಕು, ಹೇಗೂ ಅದು ಬೌದ್ಧರ ದೇಶ ಎಂಬುದು ಮಕ್ಕಳ ಆಸೆ. ಅಷ್ಟು ಖರ್ಚು ಹೊಂದಿಸಲು ನವನಗರದ ಪ್ಲಾಟು ಮಾರಬೇಕಾಗುತ್ತದೆ. "ಇದು ಧಮ್ಮಕ್ಕ ಹೊಂದತೈತೇನ್ರಿ ಸರ್?" ಎಂದು ಕೇಳಿದರು. ಅಂದು ಹೊತ್ತಾಗಿತ್ತು. ಇದು ಒಂದು ಮನೆಯ ಪ್ರಶ್ನೆಯಲ್ಲವಾದ್ದರಿಂದ ಇಂದಿನ ಚಿಂತನೆಯನ್ನು ಇದಕ್ಕೇ ಮೀಸಲಿಡೋಣ.

ಮೊದಲಿಗೆ, ಅವಸರದ ಎರಡು ಉತ್ತರಗಳನ್ನು ಬದಿಗಿಡೋಣ.

"ನಮ್ಮೂರು ಬಿಟ್ಟು ಕಡಲಾಚೆ ಲಗ್ನ ಏಕೆ?" ಎಂಬುದು ಮೊದಲನೆಯದು. ಕಡಲು ದಾಟಿದರೆ ಮೈಲಿಗೆ ಎಂಬ ನಂಬಿಕೆ ನಮ್ಮದಲ್ಲ. ಅಶೋಕನ ಮಗಳು ಸಂಘಮಿತ್ರೆ ಬೋಧಿವೃಕ್ಷದ ಸಸಿ ಹಿಡಿದು ಲಂಕೆಗೆ ಹೋದಳು. ಬಾಬಾಸಾಹೇಬರು 1913ರಲ್ಲಿ ನ್ಯೂಯಾರ್ಕಿಗೆ, ಅಲ್ಲಿಂದ ಲಂಡನ್ನಿಗೆ ಹೋದರು. 1950ರಲ್ಲಿ ಶ್ರೀಲಂಕಾಕ್ಕೆ, 1954ರಲ್ಲಿ ಬರ್ಮಾಕ್ಕೆ ಬೌದ್ಧ ಸಮ್ಮೇಳನಗಳಿಗಾಗಿ ಹೋದರು. ನಮ್ಮ ಪಾಲಿಗೆ ಕಡಲು ದಾಟುವುದು ತಪ್ಪಲ್ಲ. ಏತಕ್ಕೆ ದಾಟುತ್ತೇವೆ, ಯಾರ ದುಡ್ಡಿನಲ್ಲಿ ದಾಟುತ್ತೇವೆ ಎಂಬುದಷ್ಟೇ ಪ್ರಶ್ನೆ.

"ಇದೆಲ್ಲ ಬರೀ ದೌಲತ್ತು, ತೋರಿಕೆ" ಎಂಬುದು ಎರಡನೆಯದು. ಈ ಮಾತನ್ನೂ ಅಷ್ಟು ಸುಲಭವಾಗಿ ಆಡಬಾರದು. ನಮ್ಮ ಹಿರಿಯರ ಲಗ್ನದ ಮೆರವಣಿಗೆ ಊರ ಮುಂದಿನ ಬೀದಿಯಲ್ಲಿ ಹಾಯುವಂತಿರಲಿಲ್ಲ. ಮದುಮಗ ಕುದುರೆ ಏರಿದರೆ ಕಲ್ಲು ಬೀಳುತ್ತಿತ್ತು. ದೇಶದ ಎಷ್ಟೋ ಕಡೆ ಇಂದಿಗೂ ಬೀಳುತ್ತದೆ. ಬೇರೆಯವರ ಲಗ್ನದಲ್ಲಿ ಹಲಗೆ ಬಾರಿಸಿ, ಊಟಕ್ಕೆ ಕೊನೆಯ ಪಂಕ್ತಿಯಲ್ಲಿ, ಅದೂ ಹೊರಗೆ ಕೂತ ಜನ ನಾವು. ಅಂಥವರ ಮೊಮ್ಮಗಳು ಇಂದು ವಿಮಾನ ಏರಿ ಲಗ್ನವಾಗುತ್ತೇನೆ ಎಂದರೆ ಅದರೊಳಗೆ ಒಂದು ಹಳೆಯ ಗಾಯವೂ ಮಾತಾಡುತ್ತಿರುತ್ತದೆ. ಅದನ್ನು ಕೇಳಿಸಿಕೊಳ್ಳದೆ ಉಪದೇಶ ಮಾಡಿದರೆ ಅದು ಕರುಣೆಯ ಮಾತಾಗುವುದಿಲ್ಲ.

ಆದರೆ ಗಾಯಕ್ಕೆ ಮದ್ದು ಯಾವುದು ಎಂದು ವಿಚಾರಿಸಲೇಬೇಕು. ಇದಕ್ಕೆ ಭಗವಾನ್ ಬುದ್ಧರು ಗೃಹಸ್ಥರಿಗೆಂದೇ ಹೇಳಿದ ಮಾತುಗಳಿವೆ.

*ಸಿಗಾಲೋವಾದ ಸುತ್ತ* ನಮಗೆಲ್ಲ ಗೊತ್ತಿರುವುದೇ. ರಾಜಗೃಹದಲ್ಲಿ ಆರು ದಿಕ್ಕಿಗೆ ಕೈಮುಗಿಯುತ್ತಿದ್ದ ಗೃಹಸ್ಥನ ಮಗನಿಗೆ, ದಿಕ್ಕು ಎಂದರೆ ನಿನ್ನ ಸುತ್ತಲಿನ ಮನುಷ್ಯರು ಎಂದು ಬುದ್ಧರು ತಿಳಿಸಿದರು. ಪೂರ್ವ ದಿಕ್ಕು ತಂದೆ-ತಾಯಿ. ಅವರು ಮಕ್ಕಳಿಗೆ ಮಾಡಬೇಕಾದದ್ದು ಐದು: ಕೆಟ್ಟದ್ದರಿಂದ ತಡೆಯುವುದು, ಒಳ್ಳೆಯದಕ್ಕೆ ಹಚ್ಚುವುದು, ಒಂದು ವಿದ್ಯೆ-ಕಸುಬು ಕಲಿಸುವುದು, ತಕ್ಕ ಜೋಡಿ ನೋಡಿ ಲಗ್ನ ಮಾಡುವುದು, ಕಾಲಕ್ಕೆ ಸರಿಯಾಗಿ ಆಸ್ತಿ ಒಪ್ಪಿಸುವುದು.

ನಾಲ್ಕನೆಯದರ ಪಕ್ಕದಲ್ಲೇ ಐದನೆಯದು ಇದೆ, ನೋಡಿ. ಲಗ್ನ ಮಾಡಬೇಕು, ಆಸ್ತಿಯನ್ನೂ ಕೊಡಬೇಕು. ನಾಲ್ಕನೆಯ ಕರ್ತವ್ಯ ಮಾಡುತ್ತಾ ಐದನೆಯದನ್ನು ನುಂಗಿ ಹಾಕಿದರೆ ತಂದೆ-ತಾಯಿಯ ಧರ್ಮ ಪೂರ್ತಿಯಾಗುವುದಿಲ್ಲ.

ಅದೇ ಸುತ್ತದಲ್ಲಿ ಗಳಿಕೆಯನ್ನು ನಾಲ್ಕು ಪಾಲು ಮಾಡುವ ಮಾತೂ ಬರುತ್ತದೆ. ಒಂದು ಪಾಲು ಅನುಭವಿಸಲಿಕ್ಕೆ, ಎರಡು ಪಾಲು ಕಸುಬಿಗೆ, ಉಳಿದೊಂದು ಪಾಲು ಕಷ್ಟಕಾಲಕ್ಕೆ. ಲಗ್ನದ ಸಂಭ್ರಮ ಮೊದಲನೆಯ ಪಾಲಿಗೆ ಸೇರಿದ್ದು. ಅಲ್ಲಿ ಹಣವಿದ್ದರೆ ಸಂತೋಷವಾಗಿ ಖರ್ಚು ಮಾಡಿ, ಯಾರೂ ಬೇಡ ಅನ್ನುವುದಿಲ್ಲ. ಕಷ್ಟಕಾಲದ ಪಾಲಿಗೆ ಕೈ ಹಾಕುವ ಮುಂಚೆ ಮಾತ್ರ ನಿಲ್ಲಬೇಕು.

ನವನಗರದ ಪ್ಲಾಟು ಎಂದರೆ ಏನು? ಆಲಮಟ್ಟಿ ಹಿನ್ನೀರು ಹಳೆ ಬಾಗಲಕೋಟೆಯ ಓಣಿಗಳನ್ನು ನುಂಗಿತು. ಮನೆ ಕಳೆದುಕೊಂಡವರಿಗೆ ಇಲ್ಲಿ ಜಾಗ ಸಿಕ್ಕಿತು. ಸೆಕ್ಟರಿನ ನಂಬರಿನ ಹಿಂದೆ ಒಂದು ಮುಳುಗಿದ ಮನೆ ಇದೆ. ಪರಿಹಾರದ ದುಡ್ಡು ಎರಡೇ ವರ್ಷದಲ್ಲಿ ಲಗ್ನಕ್ಕೆ, ಗಾಡಿಗೆ ಕರಗಿಹೋದ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಹುಟ್ಟಾ ಹೊಲವಿಲ್ಲದ ಜನಕ್ಕೆ ತಮ್ಮದೆಂಬ ಮೂವತ್ತು-ನಲವತ್ತರ ಜಾಗ ಬರಬೇಕಾದರೆ ಎಷ್ಟು ತಲೆಮಾರು ಬೇಕಾಯಿತು! ಮೂರು ದಿನದ ಲಗ್ನಕ್ಕೆ ಅದು ಹೋದರೆ, ಮತ್ತೆ ಬರಲಿಕ್ಕೆ ಎಷ್ಟು ತಲೆಮಾರು ಬೇಕು?

ಬುದ್ಧರು ಕೋಲಿಯರ ದೀಘಜಾಣುವಿಗೆ ಹೇಳಿದ ಅತ್ತಿಹಣ್ಣಿನ ಹೋಲಿಕೆ ಇಲ್ಲಿ ನೆನಪಾಗುತ್ತದೆ. ನಾಲ್ಕು ಹಣ್ಣಿನ ಆಸೆಗೆ ಇಡೀ ಮರ ಅಲುಗಾಡಿಸಿ ರಾಶಿ ಉದುರಿಸುವವನಂತೆ ಬದುಕಬೇಡ ಎಂದರು. ಅಲ್ಲೇ ಇನ್ನೊಂದು ಮಾತನ್ನೂ ಸೇರಿಸಿದರು: ಕೈತುಂಬ ಇದ್ದೂ ಉಣ್ಣದೆ ಸಾಯುವ ಜಿಪುಣನಂತೆಯೂ ಬದುಕಬೇಡ. ಅದಕ್ಕೇ ಇದು ಮಧ್ಯಮ ಮಾರ್ಗ. ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖ ಎಣಿಸಿದಾಗ, ಅದರಲ್ಲಿ ಒಂದನ್ನು *ಅಣಣ ಸುಖ* ಎಂದರು. ಅಂದರೆ ಸಾಲವಿಲ್ಲದೆ ಇರುವ ಸುಖ. ಹೊಸ ದಂಪತಿಗೆ ಇದಕ್ಕಿಂತ ದೊಡ್ಡ ಆಯಾರ ಯಾವುದಿದೆ?

ಇನ್ನು "ಥೈಲ್ಯಾಂಡು ಬೌದ್ಧರ ದೇಶ" ಎಂಬ ಮಾತು. ಅಲ್ಲಿನ ಬೌದ್ಧರು ಲಗ್ನ ಹೇಗೆ ಮಾಡುತ್ತಾರೆ ಎಂದು ಕೇಳಿದ್ದೇವೆಯೇ? ಬೆಳಗ್ಗೆ ಭಿಕ್ಕುಗಳನ್ನು ಕರೆದು ದಾನ ಕೊಡುತ್ತಾರೆ, ಅವರು ಪರಿತ್ತ ಪಠಿಸಿ ಹರಸುತ್ತಾರೆ. ಆಮೇಲೆ ಹಿರಿಯರು ಒಬ್ಬೊಬ್ಬರಾಗಿ ಬಂದು ಶಂಖದಿಂದ ವಧೂವರರ ಕೈಮೇಲೆ ನೀರು ಸುರಿಯುತ್ತಾರೆ. ಶ್ರೀಲಂಕಾದಲ್ಲಿ ಪೋರುವ ಎಂಬ ಅಲಂಕರಿಸಿದ ಮಣೆಯ ಮೇಲೆ ಇಬ್ಬರನ್ನೂ ನಿಲ್ಲಿಸಿ, ಕಿರುಬೆರಳು ಕಟ್ಟಿ ನೀರು ಎರೆಯುತ್ತಾರೆ. ಥೇರವಾದ ಪರಂಪರೆಯಲ್ಲಿ ಭಿಕ್ಕು ಲಗ್ನ ಮಾಡಿಸುವ ಪುರೋಹಿತನಲ್ಲ. ಲಗ್ನ ಇಬ್ಬರು ಮನುಷ್ಯರ ಒಪ್ಪಂದ. ಸಾಕ್ಷಿಗೆ ಹಿರಿಯರು, ನೆರೆಹೊರೆಯವರು. ಆ ದೇಶದಿಂದ ನಾವು ತರಬೇಕಾದದ್ದು ಈ ಸರಳತೆ. ಅದಕ್ಕೆ ಪಾಸ್‌ಪೋರ್ಟು ಬೇಡ.

ನೀರು ಸುರಿಯುವ ಹಿರಿಯರು ಯಾರು ಎಂಬುದೂ ಮುಖ್ಯ. ಹುಡುಗಿಯ ಅಜ್ಜಿಗೆ ಮೊಣಕಾಲು ನೋವು, ಪಾಸ್‌ಪೋರ್ಟಿಲ್ಲ. ಮಗುವಾಗಿದ್ದಾಗ ಎತ್ತಿ ಆಡಿಸಿದ ಓಣಿಯ ಅವ್ವಂದಿರು ಬರುವಂತಿಲ್ಲ. ಫೀ ಕಟ್ಟಲು ಆಗದಿದ್ದಾಗ ಕೈಗಡ ಕೊಟ್ಟ ಕಾಕಾ ಬರುವಂತಿಲ್ಲ. ಹಿಂದೆ ನಮ್ಮನ್ನು ಪಂಕ್ತಿಯಿಂದ ಹೊರಗೆ ಕೂರಿಸಿದ್ದು ಜಾತಿ. ಇಂದು ನಮ್ಮವರನ್ನು ನಮ್ಮ ಲಗ್ನದ ಪಂಕ್ತಿಯಿಂದಲೇ ಹೊರಗಿಡುವುದು ಟಿಕೆಟ್ಟಿನ ರೇಟು ಆಗಬಾರದು. ಹಳೆಯ ಗಾಯಕ್ಕೆ ಮದ್ದು ಬೇಕೆಂದರೆ ಆ ಅಜ್ಜಿಯನ್ನು ಮೊದಲ ಸಾಲಿನ ಕುರ್ಚಿಯಲ್ಲಿ ಕೂರಿಸಿ.

ಕಾನೂನಿನ ಮಾತನ್ನೂ ತಿಳಿದಿರಬೇಕು. 1969ರ ವಿದೇಶಿ ವಿವಾಹ ಕಾಯ್ದೆಯಂತೆ ಹೊರದೇಶದಲ್ಲಿ ನಮ್ಮ ವಿವಾಹ ಅಧಿಕಾರಿಯ ಮುಂದೆ ಮದುವೆಯಾಗಬೇಕಾದರೆ, ಇಬ್ಬರಲ್ಲಿ ಒಬ್ಬರಾದರೂ ಭಾರತೀಯ ಪ್ರಜೆಯಾಗಿರಬೇಕು. ನೋಟಿಸ್ ಕೊಡುವ ಮುಂಚೆ ಒಬ್ಬರಾದರೂ ಅಲ್ಲಿ 30 ದಿನ ವಾಸವಿರಬೇಕು. ಆಮೇಲೆ ಆಕ್ಷೇಪಣೆಗೆ 30 ದಿನ ಕಾಯಬೇಕು. ವಾರದ ಪ್ರವಾಸಕ್ಕೆ ಹೋದವರಿಗೆ ಇದು ಆಗುವ ಮಾತಲ್ಲ. ಹಾಗಾಗಿ ಎಷ್ಟೋ ಜನ ಊರಲ್ಲೇ ನೋಂದಣಿ ಮಾಡಿಸಿ, ಅಲ್ಲಿ ಸಮಾರಂಭ ಮಾತ್ರ ಮಾಡಿಕೊಂಡು ಬರುತ್ತಾರೆ. ಅಂದಮೇಲೆ ಆ ದಂಡೆಯಲ್ಲಿ ಆಗುವುದು ಬಹುಪಾಲು ಫೋಟೋ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸ್, ಮೂವರು ಸಾಕ್ಷಿಗಳು ಇದ್ದರೆ ಮದುವೆ ಗಟ್ಟಿಯಾಗುತ್ತದೆ.

ಇನ್ನೊಂದು ಮಾತು, ತುಸು ಕಟುವಾದದ್ದು. ವರನ ಕಡೆಯ ನಲವತ್ತು ಜನರ ವಿಮಾನ, ಹೋಟೆಲ್ ಎಲ್ಲ ಹುಡುಗಿಯ ಅಪ್ಪನ ತಲೆಗೆ ಬರುವುದಾದರೆ ಅದಕ್ಕೆ ಹೊಸ ಹೆಸರು ಹುಡುಕಬೇಡಿ. 1961ರಲ್ಲೇ ಕಾನೂನು ನಿಷೇಧಿಸಿದ ವರದಕ್ಷಿಣೆಯೇ ಅದು, ಅಂಗಿ ಬದಲಿಸಿಕೊಂಡು ಬಂದಿದೆ. ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ದಿನವೂ ಎರಡನೆಯ ಶೀಲ ಹೇಳುತ್ತೇವೆ. ಮರ್ಯಾದೆಗೆ ಅಂಜಿ ಕೊಟ್ಟದ್ದು ಮನಸಾರೆ ಕೊಟ್ಟದ್ದಲ್ಲ.

ಬಾಬಾಸಾಹೇಬರ ಎರಡು ಲಗ್ನ ನೆನೆಯೋಣ. ರಮಾಯಿಯವರೊಂದಿಗಿನ ಲಗ್ನ ನಡೆದದ್ದು ಮುಂಬೈಯ ಬೈಕುಲ್ಲಾ ಮಾರ್ಕೆಟ್ಟಿನಲ್ಲಿ, ರಾತ್ರಿ ಅಂಗಡಿಗಳು ಮುಚ್ಚಿದ ಮೇಲೆ. ಬೆಳಗಾದರೆ ಮೀನು ಮಾರುವವರು ಬರುತ್ತಿದ್ದ ಜಾಗ ಅದು. ಅದು ಬಡತನದ ಅನಿವಾರ್ಯ. 1948ರ ಏಪ್ರಿಲ್ 15ರಂದು ಸವಿತಾ ಅವರೊಂದಿಗೆ ಮದುವೆಯಾದಾಗ ಅವರು ದೇಶದ ಕಾನೂನು ಮಂತ್ರಿ. ಬೇಕೆಂದಿದ್ದರೆ ದಿಲ್ಲಿಯೇ ಬೆರಗಾಗುವಂತೆ ಮಾಡಬಹುದಿತ್ತು. ತಮ್ಮ ಮನೆಯಲ್ಲೇ, ಕೆಲವೇ ಜನರ ಮುಂದೆ, ನೋಂದಣಿ ಮದುವೆ ಮಾಡಿಕೊಂಡರು. ಕೈಲಾಗದಾಗಿನ ಸರಳತೆ ಬೇರೆ, ಕೈಲಾದಾಗ ಆರಿಸಿಕೊಂಡ ಸರಳತೆ ಬೇರೆ. ನಮಗೀಗ ಎರಡನೆಯದರ ಕಾಲ ಬಂದಿದೆ. 1942ರ ಜುಲೈನಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಅವರು, ಮದುವೆ ಒಂದು ಹೊಣೆ, ಅದನ್ನು ಹೊರುವ ಆರ್ಥಿಕ ಶಕ್ತಿ ಬರುವ ಮೊದಲೇ ಮಕ್ಕಳ ಮೇಲೆ ಹೇರಬೇಡಿ ಎಂದು ತಾಯಂದಿರನ್ನು ಎಚ್ಚರಿಸಿದ್ದರು. ಹೆಂಡತಿ ಗಂಡನ ಸಮಾನಳಾಗಿ, ಗೆಳತಿಯಾಗಿ ನಿಲ್ಲಬೇಕು ಎಂದಿದ್ದರು.

ನಮ್ಮ ನೆಲದ ಕಥೆಯೂ ಇದೆ. ಕೂಡಲಸಂಗಮ ಇಲ್ಲೇ ಹುನಗುಂದದ ಬದಿಗೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟ ಲಗ್ನಕ್ಕಾಗಿ ಆ ತಂದೆಯರಿಬ್ಬರೂ ಪ್ರಾಣ ತೆತ್ತರೆಂದು ಶರಣ ಪರಂಪರೆ ಹೇಳುತ್ತದೆ. ಆ ಮಂಟಪ ಹೇಗಿತ್ತು, ಎಷ್ಟು ಬಗೆಯ ಅಡಿಗೆ ಇತ್ತು ಎಂದು ಯಾರೂ ಕೇಳುವುದಿಲ್ಲ. ಲಗ್ನ ದೊಡ್ಡದಾಗುವುದು ಅದು ಯಾವ ಗೋಡೆ ಒಡೆಯಿತು ಎಂಬುದರಿಂದ.

ಹಾಗಾದರೆ ಮಕ್ಕಳ ಆಸೆಗೆ ಬೆಲೆಯೇ ಇಲ್ಲವೇ? ಇದೆ. ಚೆಂದದ ಜಾಗ ಬೇಕೆಂಬುದು ತಪ್ಪಲ್ಲ. ಐಹೊಳೆಯ ಮೇಗುತಿ ಗುಡ್ಡದ ಇಳಿಜಾರಿನಲ್ಲಿ ಎರಡು ಅಂತಸ್ತಿನ ಬೌದ್ಧ ಗುಡಿ ಇದೆ, ಅರ್ಧ ಬಂಡೆಯಲ್ಲಿ ಕೊರೆದದ್ದು, ಅರ್ಧ ಕಟ್ಟಿದ್ದು. ಚಾಲುಕ್ಯರ ನಾಡಿನಲ್ಲಿ ಬುದ್ಧರನ್ನು ನೆನೆದವರ ಗುರುತು ಅದು. ಲಗ್ನದ ಮರುದಿನ ಮನೆಮಂದಿಯೆಲ್ಲ ಸೇರಿ ಅಲ್ಲಿಗೆ ಹೋಗಿ ಬನ್ನಿ, ಫೋಟೋ ತೆಗೆಸಿಕೊಳ್ಳಿ. ಥೈಲ್ಯಾಂಡಿಗೂ ಹೋಗಲಿ: ದಂಪತಿ ತಮ್ಮ ಗಳಿಕೆಯ ಮೊದಲ ಪಾಲಿನಲ್ಲಿ, ಲಗ್ನದ ನಂತರ, ವಿಹಾರಗಳನ್ನು ನೋಡಲು. ಇಬ್ಬರೂ ಹೊರದೇಶದಲ್ಲೇ ನೌಕರಿ ಮಾಡುವವರಾಗಿದ್ದು, ರಜೆ ಸಿಗದಿದ್ದರೆ ಅಲ್ಲಿನ ವಿಹಾರದಲ್ಲೇ ಸರಳವಾಗಿ ಆಗಲಿ, ಊರವರು ಮೊಬೈಲಿನಲ್ಲಿ ನೋಡಿ ಹರಸಲಿ. ಅದರಲ್ಲಿ ಯಾವ ದೋಷವೂ ಇಲ್ಲ.

ಇಲ್ಲೇ ಆಗುವ ಲಗ್ನಕ್ಕೆ ಏನು ಬೇಕು? ಬುದ್ಧರ, ಬಾಬಾಸಾಹೇಬರ ಪ್ರತಿಮೆ, ಬಿಳಿ ಬಟ್ಟೆ, ತ್ರಿಸರಣ-ಪಂಚಶೀಲ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಮಾಡುವ ಪ್ರತಿಜ್ಞೆ. ಅಕ್ಕಿಕಾಳಿನ ಬದಲು ಹೂವಿನ ಎಸಳು. ಆಮೇಲೆ ರೊಟ್ಟಿ, ಬದನೆಕಾಯಿ ಪಲ್ಯ, ಗೋಧಿ ಹುಗ್ಗಿ, ಎಲ್ಲರಿಗೂ ಒಂದೇ ಪಂಕ್ತಿ.

*ಇಂದಿನ ಅಭ್ಯಾಸ:* ಲಗ್ನ ಗೊತ್ತಾಗಿರುವ ಮನೆಯವರು ಇಂದು ಸಂಜೆ ಒಂದು ಹಾಳೆ ತೆಗೆದುಕೊಳ್ಳಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಖರ್ಚಿನ ಒಂದೊಂದು ಬಾಬಿನ ಮುಂದೆಯೂ ಅದು ಯಾವ ಪಾಲಿನ ದುಡ್ಡು ಎಂದು ಬರೆಯಿರಿ. ಹಾಳೆಯ ಹಿಂದೆ, ಈ ಲಗ್ನಕ್ಕೆ ಬರಲೇಬೇಕಾದ ಹತ್ತು ಹಿರಿಯರ ಹೆಸರು ಬರೆಯಿರಿ. ಎರಡೂ ಕಡೆ ಓದಿದ ಮೇಲೆ ಜಾಗ ಯಾವುದೆಂದು ಮಕ್ಕಳೇ ಹೇಳಲಿ. ಅವರು ಓದಿದವರು, ತಿಳಿದವರು. ಲೆಕ್ಕ ಕಣ್ಣ ಮುಂದೆ ಬಂದರೆ ಅಪ್ಪನ ಪ್ಲಾಟು ಮಾರಿಸುವ ಮಕ್ಕಳಲ್ಲ ಅವರು.

ಎಲ್ಲ ಜೀವಿಗಳಿಗೂ ಮಂಗಳವಾಗಲಿ. ಹೊಸ ದಂಪತಿಗಳು ಸಾಲವಿಲ್ಲದೆ, ಸಮಾನರಾಗಿ ಬಾಳಲಿ.

ಭವತು ಸಬ್ಬ ಮಂಗಲಂ 🌸
ಜೈ ಭೀಮ್, ನಮೋ ಬುದ್ಧಾಯ