ಅಮ್ಮ ಇರುವಾಗಲೇ ಇನ್ನೊಂದು ಮನೆ

ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ತಾಯಂದಿರ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತೊಂದಿದೆ: "ದೇವರೇ, ಅವನನ್ನು ಕರೆದುಕೊಂಡ ಮಾರನೇ ದಿನ ನನ್ನನ್ನು ಕರೆದುಕೋ." ಮಗು ಎಂದರೆ ಇಲ್ಲಿ ನಡುವಯಸ್ಸಿಗೆ ಬಂದ ಗಂಡಸು, ತಾಯಿಗೆ ಅರವತ್ತು ದಾಟಿದೆ. ಇದನ್ನು ಕೇಳಿ ನಾವು ಕಣ್ಣೊರೆಸಿಕೊಳ್ಳುತ್ತೇವೆ, ತಾಯ್ತನವನ್ನು ಕೊಂಡಾಡುತ್ತೇವೆ. ಮಗ ತನಗಿಂತ ಮೊದಲು ಸಾಯಲಿ ಎಂದು ಹೆತ್ತವಳೇ ಬೇಡಿಕೊಳ್ಳುವಂತೆ ಮಾಡಿದವರು ಯಾರು ಎಂದು ಮಾತ್ರ ಕೇಳುವುದಿಲ್ಲ.

ಕೇಳಿದರೂ ನಮ್ಮಲ್ಲಿ ಸಿದ್ಧ ಉತ್ತರವಿದೆ: ಇಂಥವರನ್ನು ಕುಟುಂಬ ನೋಡಿಕೊಳ್ಳುತ್ತದೆ. ಹತ್ತಿರ ಹೋಗಿ ನೋಡಿದರೆ ಆ ಕುಟುಂಬ ಬಹುತೇಕ ಒಬ್ಬಳೇ ಹೆಂಗಸು. ಸ್ನಾನ, ಶೌಚ, ಊಟ, ಮಾತ್ರೆ ಎಲ್ಲವೂ ಅವಳದೇ. ರಾತ್ರಿ ಫಿಟ್ಸ್ ಬಂದರೆ ಎದ್ದು ಕೂರುವವಳೂ ಅವಳೇ. ನೆಂಟರ ಮದುವೆ ಇರಲಿ, ತನ್ನದೇ ಆಪರೇಷನ್ನನ್ನೂ ಅವಳು ಮುಂದೂಡುತ್ತಾಳೆ.

ಅಮೆರಿಕದ ತತ್ತ್ವಶಾಸ್ತ್ರಜ್ಞೆ ಈವಾ ಫೆಡರ್ ಕಿಟ್ಟೇ ತೀವ್ರ ಬೌದ್ಧಿಕ ಅಂಗವೈಕಲ್ಯ ಇದ್ದ ಮಗಳ ತಾಯಿ. 1999ರಲ್ಲಿ ಬಂದ 'ಲವ್ಸ್ ಲೇಬರ್' ಎಂಬ ಪುಸ್ತಕದಲ್ಲಿ ಅವರು ನ್ಯಾಯದ ಸಿದ್ಧಾಂತಗಳನ್ನೇ ಪ್ರಶ್ನಿಸಿದರು. ಸ್ವತಂತ್ರರೂ ಸಮಾನರೂ ಆದವರು ಮಾಡಿಕೊಂಡ ಒಪ್ಪಂದವೇ ಸಮಾಜ ಎನ್ನುವವರು ಅವಲಂಬನೆಯನ್ನು ಲೆಕ್ಕಕ್ಕೇ ಹಿಡಿದಿಲ್ಲ ಎಂಬುದು ಅವರ ತಕರಾರು. ಅವಲಂಬಿತರನ್ನು ನೋಡಿಕೊಳ್ಳುವವರು ಆ ಕಾರಣಕ್ಕೇ ತಾವೂ ಅವಲಂಬಿತರಾಗುತ್ತಾರೆ. ಅವರನ್ನು ಆಧರಿಸುವುದು ಸಮಾಜದ ಹೊಣೆ. ಇದಕ್ಕೆ ಅವರು ಆರಿಸಿಕೊಂಡ ಮಾದರಿ ಬಾಣಂತಿಯ ಆರೈಕೆ. ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಣಂತಿ ಕೂಸನ್ನು ನೋಡುತ್ತಾಳೆ, ತವರು ಬಾಣಂತಿಯನ್ನು ನೋಡುತ್ತದೆ. ಅದನ್ನು ಯಾರೂ ದಾನ ಎನ್ನುವುದಿಲ್ಲ. ಮೂವತ್ತು ವರ್ಷ ಅದೇ ಕೆಲಸ ಮಾಡಿದವಳಿಗೆ ಆ ತವರು ಎಲ್ಲಿದೆ?

ಕೆಲವು ದಿನಗಳ ಮಟ್ಟಿಗೆ ಆರೈಕೆಯನ್ನು ಬೇರೆಯವರು ವಹಿಸಿಕೊಳ್ಳುವ 'ರೆಸ್ಪೈಟ್ ಕೇರ್' ಆ ಜಾಗ ತುಂಬಬೇಕು. ಕಾಗದದಲ್ಲಿ ಅದು ಇದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ತಾತ್ಕಾಲಿಕ ಆರೈಕೆಗೆ 'ಸಮರ್ಥ್', ವಯಸ್ಕರ ವಸತಿಗೆ 'ಘರೌಂದಾ' ಎಂಬ ಯೋಜನೆಗಳು ಬಂದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಸಮುದಾಯದಲ್ಲಿ ಬದುಕುವುದು ಹಕ್ಕು ಎನ್ನುತ್ತದೆ. ಇಂಥಲ್ಲೇ ಇರಬೇಕೆಂದು ಯಾರನ್ನೂ ಕಟ್ಟಿಹಾಕುವಂತಿಲ್ಲ ಎಂದೂ ಹೇಳುತ್ತದೆ. ಆದರೆ ತಾಲ್ಲೂಕು ಕೇಂದ್ರದ ತಾಯಿಗೆ ಮಗನನ್ನು ನಾಲ್ಕು ದಿನ ನಂಬಿ ಬಿಡಲು ಒಂದು ಹಾಸಿಗೆ ಸಿಗುವುದು ಅಪರೂಪ.

"ಹೆತ್ತವರಿದ್ದೂ ಆಶ್ರಮಕ್ಕೆ ಬಿಡುವುದೇ?" ಎಂದು ನೆಂಟರು ಕೇಳುತ್ತಾರೆ. ಆ ಮಾತಿನ ಹಿಂದಿರುವ ಭಯ ಸುಳ್ಳಲ್ಲ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರ್ವಾಡಿಯ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಮಾನಸಿಕ ರೋಗಿಗಳು ಓಡಲಾಗದೆ ಸತ್ತರು. ಸಂತನಂಥ ಸ್ಥಾಪಕನಿದ್ದರೆ ಸಾಕು ಎಂದೂ ನಂಬುವಂತಿಲ್ಲ. ಬೌದ್ಧಿಕ ಅಂಗವೈಕಲ್ಯ ಇರುವವರೂ ಇಲ್ಲದವರೂ ಒಂದೇ ಸೂರಿನಡಿ ಬದುಕುವ 'ಲಾರ್ಶ್' ಸಮುದಾಯವನ್ನು ಜಾನ್ ವಾನಿಯೇ 1964ರಲ್ಲಿ ಫ್ರಾನ್ಸ್‌ನಲ್ಲಿ ಕಟ್ಟಿದರು. ಬೆಂಗಳೂರಿನ ಆಶಾನಿಕೇತನ ಅದೇ ಬಳಗದ್ದು. ವಾನಿಯೇ ಆರು ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದರೆಂದು, ಅವರು ತೀರಿಕೊಂಡ ಮೇಲೆ, 2020ರಲ್ಲಿ ಆ ಸಂಸ್ಥೆಯೇ ತನಿಖೆ ಮಾಡಿಸಿ ಬಹಿರಂಗಪಡಿಸಿತು. ಸತ್ಯ ಹೊರಬಂದದ್ದು ಯಾರ ಸಂತತನದಿಂದಲೂ ಅಲ್ಲ, ತನಿಖೆಗೆ ಬಾಗಿಲು ತೆರೆದದ್ದರಿಂದ. ಇಂಥ ಪ್ರತಿ ಮನೆಗೂ ಹೊರಗಿನವರ ಕಣ್ಣು ಬೇಕು.

ಒಳಗಿರುವವರ ಮಾತೂ ನಡೆಯಬೇಕು. ಯಾವಾಗ ಮಲಗಬೇಕು, ಯಾರ ಜೊತೆ ಕೋಣೆ ಹಂಚಿಕೊಳ್ಳಬೇಕು, ಬೆಳಿಗ್ಗೆ ದೋಸೆಯೋ ಉಪ್ಪಿಟ್ಟೋ ಎಂಬುದನ್ನು ವಾರ್ಡನ್ ಒಬ್ಬನೇ ತೀರ್ಮಾನಿಸಿದರೆ ಅದು ಹಾಸ್ಟೆಲ್ಲು, ಮನೆಯಲ್ಲ. ಮಾತೇ ಬಾರದವರು ಹೇಗೆ ಆರಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದು. ಅವರು ಮುಖ ತಿರುಗಿಸುತ್ತಾರೆ, ತಟ್ಟೆ ತಳ್ಳುತ್ತಾರೆ, ಒಬ್ಬರ ಕೈ ಹಿಡಿದು ಇನ್ನೊಬ್ಬರದನ್ನು ಬಿಡುತ್ತಾರೆ. ಅದನ್ನು ಓದಬಲ್ಲವರು ಬೇಕು. ಓದಲು ಕಲಿಸುವವಳು ತಾಯಿ. ಅವಳು ಸತ್ತ ಮೇಲೆ ಆ ಪಾಠ ಹೇಳಲು ಯಾರೂ ಉಳಿದಿರುವುದಿಲ್ಲ.

ಆದ್ದರಿಂದ "ನಮ್ಮ ನಂತರ ಯಾರು?" ಎಂಬ ಪ್ರಶ್ನೆಗೆ ಉತ್ತರವನ್ನು ಸಾವಿನವರೆಗೆ ಮುಂದೂಡುವುದೇ ದೊಡ್ಡ ತಪ್ಪು. ಅಣ್ಣ ಕೆಲಸಕ್ಕೆಂದು, ಅಕ್ಕ ಮದುವೆಯಾಗಿ ಮನೆ ಬಿಟ್ಟಾಗ ಯಾರೂ ಅದನ್ನು ಪರಿತ್ಯಾಗ ಎನ್ನಲಿಲ್ಲ. ಇವನೂ ವಯಸ್ಸಿಗೆ ಬಂದಾಗ ಮೊದಲು ಎರಡು ದಿನ, ಆಮೇಲೆ ವಾರ, ಆಮೇಲೆ ತಿಂಗಳು ಎಂದು ಬೇರೆ ಮನೆಯಲ್ಲಿ ಇದ್ದು ಬರಲಿ; ಹಿಡಿಸದಿದ್ದರೆ ವಾಪಸಾಗಲಿ. ರೆಸ್ಪೈಟ್ ಅಮ್ಮನಿಗೆ ವಿಶ್ರಾಂತಿಯಾದಷ್ಟೇ ಮಗನಿಗೆ ತನ್ನದೇ ಬದುಕಿನ ಅಭ್ಯಾಸ. ಬೆಳೆದ ಮಗನಿಗೆ ಅಮ್ಮನ ಹೊರತಾಗಿಯೂ ನಾಲ್ಕು ಜನ ಬೇಕು.

ಇದಕ್ಕೆ ದೊಡ್ಡ ಕಟ್ಟಡ ಬೇಡ. ತಾಲ್ಲೂಕಿಗೊಂದು ಸಣ್ಣ ಮನೆ, ನ್ಯಾಯವಾದ ಸಂಬಳ ಪಡೆಯುವ ತರಬೇತಾದ ಆರೈಕೆದಾರರು, ಯಾವಾಗ ಬೇಕಾದರೂ ಬಂದು ನೋಡಬಲ್ಲ ಪೋಷಕರ ಸಮಿತಿ ಇದ್ದರೆ ಶುರುಮಾಡಬಹುದು. ಶಾಲೆಗೆ, ಆಸ್ಪತ್ರೆಗೆ ಕೊಡುವ ತೆರಿಗೆಯಂತೆ ಇದರ ಖರ್ಚೂ ನಮ್ಮೆಲ್ಲರದು. ತಾಯಿಯ ತ್ಯಾಗವನ್ನು ಹೊಗಳಿದ್ದು ಸಾಕು. ಅವಳ ಸರದಿಯನ್ನು ಹಂಚಿಕೊಳ್ಳೋಣ.